ರಿಪೋರ್ಟಿನಲ್ಲಿ ಕಾಣದ ನೋವು

ಕಾಣಲಿಲ್ಲ ಎಂಬುದರಿಂದ ಇಲ್ಲ ಎಂದು ಯಾವಾಗ ಹೇಳಬಹುದು? ಕುಮಾರಿಲ ಭಟ್ಟನ ಪರಂಪರೆಯ ಮೀಮಾಂಸಕರು ಈ ಒಂದು ಪ್ರಶ್ನೆಗಾಗಿಯೇ ಅನುಪಲಬ್ಧಿ ಎಂಬ ಬೇರೊಂದು ಪ್ರಮಾಣವನ್ನು ಒಪ್ಪಿದರು. ಮುಂದೆ ಅದ್ವೈತಿಗಳೂ ಅದನ್ನು ಸ್ವೀಕರಿಸಿದರು. ನೆಲದ ಮೇಲೆ ಗಡಿಗೆ ಕಾಣುತ್ತಿಲ್ಲ, ಆದ್ದರಿಂದ ಗಡಿಗೆ ಇಲ್ಲ. ಇಷ್ಟೇ ಆಗಿದ್ದರೆ ಅದು ಮಕ್ಕಳ ಮಾತು. ಆದರೆ ಅವರು ಅದಕ್ಕೊಂದು ಕಟ್ಟು ಹಾಕಿದರು: ಗಡಿಗೆ ಇದ್ದಿದ್ದರೆ ಕಾಣಲೇಬೇಕಾದ ಬೆಳಕು, ಕಣ್ಣು, ಎಡೆ ಎಲ್ಲವೂ ಒದಗಿರಬೇಕು. ಕತ್ತಲ ಕೋಣೆಯಲ್ಲಿ ನಿಂತು ಗಡಿಗೆ ಇಲ್ಲ ಎನ್ನುವವನು ಗಡಿಗೆಯ ವಿಷಯ ಏನೂ ಹೇಳಿದಂತಾಗಲಿಲ್ಲ, ಕತ್ತಲೆಯ ವಿಷಯ ಹೇಳಿದ. ಪಾಠಶಾಲೆಯ ಈ ಹಳೆಯ ತಕರಾರು ಇಂದು ಆಸ್ಪತ್ರೆಯ ಬಾಗಿಲಲ್ಲಿ ಜೀವದ ಪ್ರಶ್ನೆಯಾಗಿ ನಿಂತಿದೆ. ಎದೆನೋವಿನವನ ಆಂಜಿಯೋಗ್ರಾಂ ನೋಡಿ 'ಬ್ಲಾಕ್ ಇಲ್ಲ' ಎನ್ನುವುದು ಒಂದು ಮಾತು. 'ಆದ್ದರಿಂದ ನಿನಗೇನೂ ಆಗಿಲ್ಲ' ಎನ್ನುವುದು ಬೇರೆಯೇ ಮಾತು. ಮೊದಲನೆಯದರಿಂದ ಎರಡನೆಯದಕ್ಕೆ ನೆಗೆಯುವ ಹಕ್ಕು ಯಾರಿಗೂ ಇಲ್ಲ.

ಹೃದಯಕ್ಕೆ ರಕ್ತ ಒಯ್ಯುವ ಕೊರೊನರಿ ನಾಳಗಳ ಗೋಡೆಯಲ್ಲಿ ಸ್ನಾಯುವಿದೆ. ಅದು ಒಮ್ಮೆಲೇ ಸೆಡೆತುಕೊಂಡರೆ ನಾಳ ಕಿರಿದಾಗುತ್ತದೆ, ಕೆಲವೊಮ್ಮೆ ಪೂರಾ ಮುಚ್ಚಿಕೊಳ್ಳುತ್ತದೆ. ಸಾಮಾನ್ಯವಾಗಿ ಕೆಲವು ನಿಮಿಷಗಳಲ್ಲಿ ತಾನಾಗಿಯೇ ಬಿಡುತ್ತದೆ. 1772ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಹೆಬರ್ಡನ್ ಬರೆದಿಟ್ಟ ಎದೆನೋವು ಏರು ಹತ್ತುವಾಗ, ಉಂಡು ನಡೆದಾಗ ಬಂದು, ನಿಂತರೆ ನಿಲ್ಲುವಂಥದ್ದು. 1959ರಲ್ಲಿ ಅಮೆರಿಕದ ಮೈರನ್ ಪ್ರಿಂಜ್‌ಮೆಟಲ್ ಮತ್ತು ಸಂಗಡಿಗರು ವಿವರಿಸಿದ, ಸೆಡೆತದಿಂದ ಬರುವ ನೋವು ಇದಕ್ಕೆ ತಿರುವುಮುರುವು: ದುಡಿಯುವಾಗ ಬಾರದು, ಸುಮ್ಮನಿದ್ದಾಗ ಬಂದೀತು, ಅದೂ ಹೆಚ್ಚಾಗಿ ನಡುರಾತ್ರಿಯಿಂದ ನಸುಕಿನವರೆಗೆ. ಈಗ ಮುಂಡರಗಿ ಸೀಮೆಯ ಒಂದು ಹಳ್ಳಿಯನ್ನು ನೆನೆಯಿರಿ. ನಸುಕಿನ ನಾಲ್ಕಕ್ಕೆ 'ಎದಿ ಹಿಡದೈತಿ' ಎಂದು ಎದ್ದು ಕೂತವನಿಗೆ ಮನೆಯವರು 'ವಾಯು ಆಗಿರಬೇಕು' ಎಂದು ಜೀರಿಗೆ ನೀರು ಕೊಡುತ್ತಾರೆ. ಗಾಡಿ ಸಿಕ್ಕು ಗದಗ ಮುಟ್ಟುವಷ್ಟರಲ್ಲಿ ನೋವು ಬಿಟ್ಟಿರುತ್ತದೆ, ಇಸಿಜಿ ನೆಟ್ಟಗಿರುತ್ತದೆ. ಇನ್ನೂ ಸುಮಾರು 60 ಕಿಲೋಮೀಟರ್ ದಾಟಿ ಹುಬ್ಬಳ್ಳಿಯಲ್ಲಿ ಆಂಜಿಯೋಗ್ರಾಂ ಮಾಡಿಸಿದರೆ ನಾಳವೂ ತೆರೆದೇ ಕಾಣಬಹುದು. ದಾರಿಯ ದೂರವೇ ಸಾಕ್ಷಿಯನ್ನು ಅಳಿಸಿಹಾಕಿತು. ಗಡಿಗೆ ಎತ್ತಿಟ್ಟ ಮೇಲೆ ದೀಪ ತಂದಂತೆ ಇದು.

ಈ ನೆಲಕ್ಕೆ ಇದನ್ನು ಹೇಳಲು ಹೊರಗಿನ ಶಬ್ದ ಬೇಕಿಲ್ಲ. ತೋಂಟದ ಸಿದ್ಧಲಿಂಗರ ಪರಂಪರೆಯ ಮಠವಿರುವ ಗದಗಿನಲ್ಲಿ ಸ್ಥಾವರ, ಜಂಗಮ ಎಂಬ ಎರಡು ಮಾತು ಅರಿಯದವರು ಕಡಿಮೆ. ನಾಳದೊಳಗೆ ಕೊಬ್ಬು ಸೇರಿ ಗಟ್ಟಿಯಾದ ತಡೆ ಸ್ಥಾವರ. ಎಂದು ನೋಡಿದರೂ ಅಲ್ಲೇ ಇರುತ್ತದೆ. ಸೆಡೆತ ಜಂಗಮ, ಬರುತ್ತದೆ, ಹೋಗುತ್ತದೆ. ವಚನಕಾರರು ಈ ಜೋಡಿಯನ್ನು ಬಳಸಿದ್ದು ಬೇರೆ ಉದ್ದೇಶಕ್ಕೆ, ಅದನ್ನು ವೈದ್ಯಶಾಸ್ತ್ರವೆಂದು ಮಾರುವುದು ಬೇಡ. ಆದರೂ ನಿಂತದ್ದನ್ನಷ್ಟೇ ಇದೆ ಎಂದು ಲೆಕ್ಕ ಹಿಡಿಯುವ ಕಣ್ಣಿನ ಚಾಳಿಯನ್ನು ಅವರು ಹಿಡಿದುಹಾಕಿದ್ದರಲ್ಲ, ಆ ಚಾಳಿ ಇಲ್ಲಿಯೂ ಇದೆ. ಲಕ್ಷ್ಮೇಶ್ವರದ ಶಂಖ ಬಸದಿಯ ಜೈನರ ಸ್ಯಾದ್ವಾದ ಇನ್ನಷ್ಟು ಸರಳವಾಗಿ ಹೇಳೀತು: ಒಂದು ಬಗೆಯಲ್ಲಿ ಇದೆ, ಒಂದು ಬಗೆಯಲ್ಲಿ ಇಲ್ಲ. ನಸುಕಿನಲ್ಲಿ ತಡೆ ಇತ್ತು, ಮಧ್ಯಾಹ್ನಕ್ಕೆ ಇರಲಿಲ್ಲ. ಎರಡೂ ನಿಜ, ಹೊತ್ತು ಸೇರಿಸಿ ಹೇಳಬೇಕು ಅಷ್ಟೆ. (ಸ್ಥಾವರವಿದ್ದೆಡೆಯೇ ಜಂಗಮ ಬಂದು ಸೇರುವುದೂ ಉಂಟು, ಕೊಬ್ಬು ಕಟ್ಟಿದ ಜಾಗದಲ್ಲೇ ಸೆಡೆತ ಬರುವವರು ಬೇಕಾದಷ್ಟಿದ್ದಾರೆ.)

ಹಾಗಾದರೆ ಯಾರು ಏನು ಹೇಳಿದರೂ ನಂಬಬೇಕೆ, ಹೊಟ್ಟೆಯ ಉರಿಯೂ ಮನಸ್ಸಿನ ಭಯವೂ ಎದೆಯಲ್ಲಿ ಕಾಣಿಸಿಕೊಳ್ಳುವುದಿಲ್ಲವೆ ಎಂಬ ಆಕ್ಷೇಪ ಹಗುರಾದದ್ದಲ್ಲ. ಖಂಡಿತ ಕಾಣಿಸಿಕೊಳ್ಳುತ್ತವೆ. ಆದರೆ ಶಬ್ದವನ್ನು ಪ್ರಮಾಣವೆಂದವರೂ ಕೇಳಿದ್ದನ್ನೆಲ್ಲ ನಂಬಿ ಎನ್ನಲಿಲ್ಲ. ಹೇಳಿದವನ ಮಾತಿಗೆ ಬಾಧಕ ಸಿಗುವವರೆಗೆ ಅದನ್ನು ತಳ್ಳಬೇಡಿ ಎಂದರು. ನೋವಿನವನ ಮಾತನ್ನು ಸಾಕ್ಷಿಯನ್ನು ಪಾಟೀಸವಾಲಿಗೆ ನಿಲ್ಲಿಸುವಂತೆ ಕೇಳಿ ನೋಡಬಹುದು. ಎಷ್ಟು ಹೊತ್ತಿಗೆ ಬಂತು? ದುಡಿಯುವಾಗಲೋ ಮಲಗಿದಾಗಲೋ? ಬೀಡಿ ಸೇದುತ್ತಾನೆಯೆ? ನಾಲಿಗೆಯ ಕೆಳಗಿನ ಗುಳಿಗೆಗೆ ಬೇಗ ಬಿಟ್ಟಿತೆ? ಆಮೇಲೆ ಯಂತ್ರದ ಸರದಿ: 24 ತಾಸು ಮೈಮೇಲಿದ್ದು ಇಸಿಜಿ ದಾಖಲಿಸುವ ಹೋಲ್ಟರ್, ಅಗತ್ಯಬಿದ್ದರೆ ಕ್ಯಾಥ್‌ಲ್ಯಾಬಿನಲ್ಲಿ ಅಸೆಟೈಲ್‌ಕೋಲಿನ್ ಕೊಟ್ಟು ಸೆಡೆತವನ್ನು ಬೇಕೆಂದೇ ಕರೆದು ನೋಡುವ ಪರೀಕ್ಷೆ. ಎಲ್ಲಕ್ಕಿಂತ ಬೆಲೆಯುಳ್ಳದ್ದು ನೋವು ಇರುವಾಗಲೇ ತೆಗೆದ ಇಸಿಜಿ. 2023ರಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ತಾಲ್ಲೂಕು ಆಸ್ಪತ್ರೆಗಳ ಮಟ್ಟದಲ್ಲೇ ಹೃದಯಾಘಾತವನ್ನು ಗುರುತಿಸಲು ಹೊರಟಿದ್ದು. ಮುಂಡರಗಿ, ಶಿರಹಟ್ಟಿಯವರಿಗೆ ಇಂಥ ಹತ್ತಿರದ ಇಸಿಜಿಯ ಇನ್ನೊಂದು ಉಪಯೋಗ ಇದು: ಗಡಿಗೆ ಇರುವಾಗಲೇ ದೀಪ ಹಚ್ಚುವುದು.

ಇನ್ನೊಂದು ಆಕ್ಷೇಪ ಭಕ್ತಿಯ ಕಡೆಯಿಂದ ಬರುತ್ತದೆ. ದೇಹದ ನೋವು ಹಣೆಬರಹ, ಸಹಿಸುವುದೇ ತಪಸ್ಸು ಎನ್ನುವವರಿದ್ದಾರೆ. ದೇಹವನ್ನೇ ದೇಗುಲವೆಂದು ಕಂಡ ನಾಡಿನಲ್ಲಿ ಈ ವಾದಕ್ಕೆ ಬೇರು ಇಳಿಯಬಾರದಿತ್ತು. ಸೆಡೆತ ಉದ್ದವಾದರೆ ಹೃದಯಾಘಾತವಾದೀತು, ಹೃದಯದ ಬಡಿತದ ಲಯ ತಪ್ಪಿ ಮನುಷ್ಯ ಕುಸಿದು ಸತ್ತಾನು. ಕರ್ಮವೆಂಬುದನ್ನು ಒಪ್ಪುವವರು ಅದರ ಮೊದಲ ಅರ್ಥವನ್ನೂ ಒಪ್ಪಲಿ, ಕರ್ಮವೆಂದರೆ ಮಾಡಿದ್ದು. ಈ ಕಾಯಿಲೆಯ ಬೆನ್ನಿಗಿರುವ ದೊಡ್ಡ ಕರ್ಮ ಬೀಡಿ, ಸಿಗರೇಟು. ಅದನ್ನು ಬಿಡುವುದು ಇದೇ ಜನ್ಮದಲ್ಲಿ ಸಾಧ್ಯ. ಇನ್ನು ಶಿರಹಟ್ಟಿಯ ಫಕೀರೇಶ್ವರನಿಗೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುತ್ತಾರೆ. 'ಅಪ್ಪನ್ನ ನೆನದೆ, ಎದಿ ಹಗುರಾತು' ಎನ್ನುವವನಿಗೆ ಏನು ಹೇಳುವುದು? ಅವನ ಅನುಭವ ಸುಳ್ಳಲ್ಲ. ಆದರೆ ನೆನೆಯದಿದ್ದರೂ ಬಹುಪಾಲು ಸೆಡೆತ ಕೆಲವು ನಿಮಿಷಗಳಲ್ಲಿ ಬಿಡುವಂಥದ್ದೇ ಆದ್ದರಿಂದ, ಬಿಟ್ಟಿತು ಎಂಬುದು ಕೃಪೆಗೂ ಪುರಾವೆಯಾಗದು, ಕೃಪೆಯಿಲ್ಲ ಎಂಬುದಕ್ಕೂ ಆಗದು. ಭಕ್ತಿಯನ್ನು ಇಂಥ ಪಂದ್ಯಕ್ಕೆ ಹಚ್ಚಿದವರು ಭಕ್ತಿಯನ್ನೇ ಅಗ್ಗ ಮಾಡಿದರು. ಹರಕೆ ತೀರಿಸಲಿ, ಗುಳಿಗೆಯನ್ನೂ ನುಂಗಲಿ.

ಗುಳಿಗೆಯ ವಿಷಯದಲ್ಲಿಯೂ ಈ ನೋವು ಬೇರೆಯೇ ಎಂಬುದನ್ನು ಮರೆಯುವಂತಿಲ್ಲ. ಡಿಲ್ಟಿಯಾಜೆಮ್, ಅಮ್ಲೋಡಿಪಿನ್‌ನಂಥ ಕ್ಯಾಲ್ಸಿಯಂ ತಡೆಯುವ ಔಷಧಗಳು ನಾಳದ ಸ್ನಾಯುವನ್ನು ಸಡಿಲಿಸುತ್ತವೆ. ನೋವು ನಿಂತಿತೆಂದು ಅವನ್ನು ತಾವೇ ಥಟ್ಟನೆ ನಿಲ್ಲಿಸಿದರೆ ಸೆಡೆತ ಮರಳಿ ಜೋರಾಗಬಹುದು. ಏರು ಹತ್ತುವಾಗಿನ ಎದೆನೋವಿಗೆ ಒಳಿತು ಮಾಡುವ ಪ್ರೊಪ್ರನಲಾಲ್‌ನಂಥ ಗುಳಿಗೆ ಇಲ್ಲಿ ಕೆಡುಕು ಮಾಡೀತು, ಅರೆತಲೆನೋವಿನ ಸುಮಾಟ್ರಿಪ್ಟಾನ್ ಕೂಡ. ನೆರೆಯವನ ಎದೆನೋವಿನ ಚೀಟಿ ತನಗೂ ಆದೀತೆಂಬ ಊರ ರೂಢಿ ಅದಕ್ಕೇ ಅಪಾಯದ್ದು. ನಾಲಿಗೆಯ ಕೆಳಗೆ ಇಡುವ ಸಾರ್ಬಿಟ್ರೇಟನ್ನು ವೈದ್ಯರು ಹೇಳಿದಷ್ಟು, ಕೂತುಕೊಂಡೇ ಇಟ್ಟುಕೊಳ್ಳಬೇಕು, ರಕ್ತದೊತ್ತಡ ಇಳಿದು ತಲೆ ತಿರುಗುತ್ತದೆ; ವಯಾಗ್ರದಂಥ ಗುಳಿಗೆ ನುಂಗಿದವರು ಅದನ್ನು ಮುಟ್ಟಲೇಬಾರದು. ಮೊದಲ ಸಲದ ನೋವಾದರೆ, ಅಥವಾ ಗುಳಿಗೆಗೂ ಐದು ನಿಮಿಷದಲ್ಲಿ ಜಗ್ಗದಿದ್ದರೆ, ವಾಯುವೋ ಸೆಡೆತವೋ ಎಂದು ಮನೆಯಲ್ಲಿ ಚರ್ಚೆ ಬೇಡ, 108ಕ್ಕೆ ಕರೆ ಮಾಡಬೇಕು. ಇದೆಲ್ಲದರ ಜೊತೆ ಔಷಧದಂಗಡಿಯಲ್ಲಿ ಸಿಗದ ಒಂದು ವಸ್ತು ಬೇಕು, ನೋವು ಬಂದ ಹೊತ್ತು ಬರೆದಿಡಲು ಮಕ್ಕಳ ಹಳೆಯ ಪಟ್ಟಿಯ ಉಳಿದ ಹಾಳೆಯಾದರೂ ಸಾಕು. 'ದಿನಪೂರ್ತಿ ಹೊಲದಾಗ ದುಡಿದೆ, ನೋವಿಲ್ಲ. ನಸುಕಿನ್ಯಾಗ ನಾಕಕ್ಕ ಎದ್ದು ಕುಂತೆ.' ಇಂಥ ಎರಡು ಸಾಲು ಮುಂದಿಟ್ಟರೆ, ರಿಪೋರ್ಟು ನಾರ್ಮಲ್ ಇದ್ದರೂ ವೈದ್ಯರು ಕೇಳುವ ಮುಂದಿನ ಪ್ರಶ್ನೆಯೇ ಬೇರೆಯಾಗುತ್ತದೆ.