ನೆಲ ನಿಜಕ್ಕೂ ಡೊಂಕಾಗಿದ್ದರೆ?

"ಮೊದ್ಲು ಕಲೀಲಿ, ಆಮೇಲೆ ಒಳ್ಳೇದು ಕೊಡಿಸೋಣ." ಮಕ್ಕಳು ಎಲೆಕ್ಟ್ರಿಕ್ ಗಿಟಾರ್ ಬೇಕು ಅಂತ ಹಟ ಹಿಡಿದ ಮನೆಗಳಲ್ಲಿ ಈ ಮಾತು ಬಂದೇ ಬರುತ್ತೆ. ಸ್ಕೇಟಿಂಗ್ ಶೂ, ಕರಾಟೆ ಡ್ರೆಸ್ಸು, ಕೀಬೋರ್ಡು ಎಲ್ಲಾ ಅಟ್ಟ ಸೇರಿರೋ ಮನೆಯಲ್ಲಿ ಅಪ್ಪ ಅಮ್ಮ ಹುಷಾರಾಗಿರೋದು ತಪ್ಪೂ ಅಲ್ಲ. ಆದರೆ ಆ ಮಾತಿನೊಳಗೆ ಒಂದು ಷರತ್ತಿದೆ. ಒಳ್ಳೆಯ ವಾದ್ಯಕ್ಕೆ ತಾನು ಯೋಗ್ಯ ಅಂತ ಮಗು ಮೊದಲು ಕೆಟ್ಟ ವಾದ್ಯದ ಮೇಲೆ ತೋರಿಸಬೇಕು. ಇದು ನ್ಯಾಯವಾ?

ಕೆಟ್ಟ ಗಿಟಾರ್ ಏನು ಮಾಡುತ್ತೆ ನೋಡಿ. ತಂತಿಗಳು ಫ್ರೆಟ್‌ಗಳಿಂದ ತೀರಾ ಮೇಲೆ ನಿಂತಿರುತ್ತವೆ. ಒತ್ತಿ ಒತ್ತಿ ಎಳೆ ಬೆರಳು ನೋಯುತ್ತೆ. ಶ್ರುತಿ ನಿಲ್ಲಲ್ಲ. 12ನೇ ಫ್ರೆಟ್‌ನಲ್ಲಿ ಒತ್ತಿದರೆ ಬಿಟ್ಟ ತಂತಿಯ ಸ್ವರವೇ ಒಂದು ಸ್ಥಾಯಿ ಮೇಲೆ ಕೇಳಬೇಕು. ಇಲ್ಲಿ ಅದು ಅತ್ತಿತ್ತ ಸರಿದಿರುತ್ತೆ. ಪಳಗಿದ ಕಿವಿ ಇದನ್ನು ತಕ್ಷಣ ಹಿಡಿಯುತ್ತೆ. ಕಲಿಯೋ ಮಗು ಮಾತ್ರ ತನ್ನ ಬೆರಳನ್ನೇ, ತನ್ನ ಕಿವಿಯನ್ನೇ ಅನುಮಾನಿಸುತ್ತೆ. 'ಕುಣಿಯಲಾರದವಳು ನೆಲ ಡೊಂಕು ಅಂದಳು' ಅಂತ ನಗ್ತೀವಲ್ಲ, ಇಲ್ಲಿ ನೆಲ ನಿಜಕ್ಕೂ ಡೊಂಕು. ಆದರೂ ಕುಣಿಯೋಕೆ ಬಂದವಳು "ನಂಗೆ ಬರಲ್ಲ" ಅಂದುಕೊಂಡೇ ಇಳಿದು ಹೋಗ್ತಾಳೆ. ನಾವೋ, "ನಾನು ಹೇಳಿರ್ಲಿಲ್ವಾ?" ಅಂತೀವಿ. ಶ್ರುತಿ ಕೂಡದ ತಂಬೂರಿ ಇಟ್ಟುಕೊಂಡು ಸರಳೆ ವರಸೆ ಹೇಳಿಕೊಡೋ ಮೇಷ್ಟ್ರ ಹತ್ತಿರ ನಾವು ಮಕ್ಕಳನ್ನು ಕಳಿಸ್ತೀವಾ?

ಹಾಗಂತ ಸಾಲ ಮಾಡಿ ದುಬಾರಿಯದ್ದು ತರಬೇಕು ಅಂತಲ್ಲ. ಕೈಮೀರಿ ಕೊಟ್ಟ ಉಡುಗೊರೆ ಮಗುವಿನ ಹೆಸರಿನಲ್ಲಿ ಬರೆದಿಟ್ಟ ಸಾಲ. "ಅಷ್ಟು ದುಡ್ಡು ಸುರಿದಿದ್ದೀನಿ, ಮುಟ್ಟೋದೂ ಇಲ್ಲ" ಅನ್ನೋ ಬಡ್ಡಿ ವಾರವಾರವೂ ವಸೂಲಾಗುತ್ತೆ. ಕಲಿಯೋ ಹಕ್ಕಿನ ಜೊತೆ ಮಗುವಿಗೆ ಬಿಡೋ ಹಕ್ಕೂ ಇರಬೇಕಲ್ವಾ?

ತಂಗಿ ಮಗಳಿಗೆ ಗಿಟಾರ್ ಕೊಡಿಸೋಕೆ ಹೊರಟಾಗ ನನ್ನ ಲೆಕ್ಕ ಇದೇ ಆಗಿತ್ತು: ಸುಳ್ಳು ಹೇಳದಷ್ಟು ಒಳ್ಳೇದು, ಬಿಟ್ಟರೆ ಯಾರ ಹೊಟ್ಟೆಯೂ ಉರಿಯದಷ್ಟು ಅಗ್ಗದ್ದು. "ಮಾಮ, ಆ ಕೆಂಪುದು" ಅಂದಳು. ಆಗಲಿ, ಬಣ್ಣಕ್ಕೆ ನನ್ನ ತಕರಾರಿಲ್ಲ. ಚೆಂದ ಕಂಡರೆ ಕೈ ತಾನಾಗೇ ಹೋಗುತ್ತೆ. ಹೆಸರುವಾಸಿ ಕಂಪನಿಗಳ ಆರಂಭದ ಮಾದರಿಗಳು, ಯಮಾಹಾದ ಪೆಸಿಫಿಕಾ, ಫೆಂಡರ್‌ನವರದೇ ಸ್ಕ್ವಯರ್, ಇವುಗಳಲ್ಲೊಂದು ಸಾಕು. ಸೆಕೆಂಡ್ ಹ್ಯಾಂಡ್ ಆದರೂ ಸರಿ. ಉಳಿದ ದುಡ್ಡಲ್ಲಿ ಕೈಪಳಗಿದ ರಿಪೇರಿಯವರಿಂದ ಸೆಟಪ್ ಮಾಡಿಸಿ: ತೆಳು ತಂತಿ, ತಂತಿಯ ಎತ್ತರ, ಕತ್ತಿನ ಬಾಗು.

ಆಂಪ್ ಇಲ್ಲದೆ ಎಲೆಕ್ಟ್ರಿಕ್ ಗಿಟಾರ್ ಪಿಸುಗುಟ್ಟುತ್ತೆ ಅಷ್ಟೆ. ಮನೆಗೆ 10 ವಾಟ್ ಧಾರಾಳ. ಹೆಡ್‌ಫೋನ್ ಹಾಕೋ ಜಾಗ ಮಾತ್ರ ಇರಲೇಬೇಕು. ಪಕ್ಕದ ಮನೆಯವರ ನಿದ್ದೆಗಿಂತ ಹೆಚ್ಚಾಗಿ ಮಗುವಿನ ಮಾನಕ್ಕೆ. ಯಾರಿಗೂ ಕೇಳಿಸದಂತೆ ನೂರು ಸಲ ತಪ್ಪಾಗಿ ನುಡಿಸೋ ಸ್ವಾತಂತ್ರ್ಯ ಸಿಗದವರು ಏನನ್ನು ತಾನೇ ಕಲೀತಾರೆ?

ಅಗ್ಗ ಅನ್ನೋದು ಬೇರೆ, ಅಸಡ್ಡೆ ಅನ್ನೋದು ಬೇರೆ. 1963ರಲ್ಲಿ ಇಂಗ್ಲೆಂಡಿನ ಹುಡುಗ ಬ್ರಯಾನ್ ಮೇಗೆ ಅಂಗಡಿಯ ಫೆಂಡರ್ ಕೊಳ್ಳೋ ಶಕ್ತಿ ಇರಲಿಲ್ಲ. ಅಪ್ಪ ಹೆರಾಲ್ಡ್ ಮಗನ ಜೊತೆ ಕೂತರು. ಹಳೇ ಅಗ್ಗಿಷ್ಟಿಕೆಯ ಚೌಕಟ್ಟಿನ ಮರ ಕತ್ತಾಯಿತು, ಹಳೇ ಮೋಟರ್‌ಸೈಕಲ್ಲಿನ ಸ್ಪ್ರಿಂಗು ಒಳಗೆ ಹೋಯಿತು. ಮುಂದೆ ಕ್ವೀನ್ ಬ್ಯಾಂಡಿನಲ್ಲಿ ದಶಕಗಳ ಕಾಲ ಕೇಳಿಸಿದ್ದು ಅದೇ ಗಿಟಾರು. ಅಲ್ಲಿ ಕಮ್ಮಿ ಇದ್ದದ್ದು ದುಡ್ಡು ಮಾತ್ರ.

ನಮ್ಮ ಹುಡುಗಿ ಆರು ತಿಂಗಳಿಗೆ ಬಿಟ್ಟುಬಿಡಬಹುದು. ಬಿಡಲಿ. "ನಂಗೆ ಇಷ್ಟ ಆಗ್ಲಿಲ್ಲ" ಅಂತ ಬಿಟ್ಟರೆ ಅದು ಅವಳ ತೀರ್ಮಾನ, ನಾನು ಒಪ್ಕೋತೀನಿ. "ನನ್ನ ಕೈಲಿ ಆಗಲ್ಲ" ಅಂತ ಅವಳಿಂದ ಹೇಳಿಸೋ ಅಧಿಕಾರ ಕಳಪೆ ಮರದ ತುಂಡಿಗೆ ಇರಬಾರದು.