ಭಯ ಬೇರೆ, ವಿವೇಕ ಬೇರೆ



“ಸ್ವಾಮಿ, ನನಗೆ ಆಗಾಗ ಮೈಮೇಲೆ ಪಿತ್ತದ ಗಂಧೆ ಏಳುತ್ತದೆ. ನಾನು ಲಸಿಕೆ ಹಾಕಿಸಿಕೊಳ್ಳಬಹುದೇ? ಹಾಕಿಸಿಕೊಳ್ಳದಿದ್ದರೆ ಪಾಪವೇ?” 2021ರಲ್ಲಿ ಕೋವಿಡ್ ಲಸಿಕೆ ಬಂದಾಗ ಮರ್ಫಿ ಟೌನಿನ ಮನೆಗಳಲ್ಲಿ ಕೇಳಿಬಂದ ಈ ಪ್ರಶ್ನೆ ಇನ್ನೂ ನಿಂತಿಲ್ಲ. ಮಗುವಿಗೆ ದಡಾರದ ಚುಚ್ಚುಮದ್ದು ಹಾಕಿಸುವಾಗ, ಗಾಯವಾಗಿ ಟಿ.ಟಿ. ಹಾಕಿಸಿಕೊಳ್ಳುವಾಗ, ವಯಸ್ಸಾದವರಿಗೆ ವೈದ್ಯರು ಫ್ಲೂ ಲಸಿಕೆ ಬರೆದುಕೊಟ್ಟಾಗ ಅದೇ ಅಳುಕು ಮತ್ತೆ ತಲೆಯೆತ್ತುತ್ತದೆ. ಇದರಲ್ಲಿ ಎರಡು ಪ್ರಶ್ನೆಗಳಿವೆ. ಮೊದಲನೆಯದು ವೈದ್ಯಶಾಸ್ತ್ರಕ್ಕೆ ಸೇರಿದ್ದು, ಎರಡನೆಯದು ಮನಸ್ಸಾಕ್ಷಿಗೆ ಸೇರಿದ್ದು. ಮೊದಲನೆಯದನ್ನು ತಿಳಿಯದೆ ಎರಡನೆಯದಕ್ಕೆ ಉತ್ತರ ಹೇಳಲಾಗದು.

ಆರು ವಾರಗಳಿಗೂ ಮೀರಿ ಮತ್ತೆ ಮತ್ತೆ ಏಳುವ ಗಂಧೆಗೆ ಹೆಚ್ಚಿನವರಲ್ಲಿ ಹೊರಗಿನ ಯಾವುದೇ ವಸ್ತು ಕಾರಣವಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ತಾನಾಗಿ ಕೆರಳಿ ತುರಿಕೆ, ಊತ ತರುತ್ತದೆ ಎಂದು ವೈದ್ಯರು ಹೇಳುತ್ತಾರೆ. ಇಂಥ ಗಂಧೆ ಇರುವುದೊಂದೇ ಲಸಿಕೆಗೆ ಅಡ್ಡಿಯಲ್ಲ. ಲಸಿಕೆಯ ನಂತರ ಕೆಲವರಿಗೆ ಗಂಧೆ ಕೆಲವು ದಿನ ಹೆಚ್ಚಾಗಿ, ಆಮೇಲೆ ಇಳಿಯಬಹುದು. ನಿಜವಾಗಿ ಅಂಜಬೇಕಾದದ್ದು ಅನಾಫಿಲಾಕ್ಸಿಸ್ ಎಂಬ ತೀವ್ರ ಅಲರ್ಜಿಗೆ. ಅದರಲ್ಲಿ ಉಸಿರು ಕಟ್ಟುತ್ತದೆ, ನಾಲಗೆ ಗಂಟಲು ಊದುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಸಾಮಾನ್ಯ ಲಸಿಕೆಗಳಲ್ಲಿ ಹತ್ತು ಲಕ್ಷ ಡೋಸಿಗೆ ಸುಮಾರು ಒಂದರಂತೆ ಇದು ಕಾಣುತ್ತದೆ. ಬಹುಪಾಲು ಅರ್ಧ ಗಂಟೆಯೊಳಗೇ ಕಾಣಿಸಿಕೊಳ್ಳುವುದರಿಂದಲೇ ಲಸಿಕೆಯ ನಂತರ ಕುಳಿತುಕೊಳ್ಳಲು ಹೇಳುತ್ತಾರೆ. ಕೂಡಲೇ ತೊಡೆಗೆ ಅಡ್ರಿನಲಿನ್ ಚುಚ್ಚುಮದ್ದು ಕೊಟ್ಟರೆ ಜೀವ ಉಳಿಯುತ್ತದೆ. ದಡಾರದ ಲಸಿಕೆಯನ್ನು ಹಲವೆಡೆ ಕೋಳಿ ಭ್ರೂಣದ ಕೋಶಗಳಲ್ಲಿ ಬೆಳೆಸುತ್ತಾರೆ. ಆದರೂ ಮೊಟ್ಟೆ ಒಗ್ಗದ ಮಕ್ಕಳಿಗೂ ಅದನ್ನು ಹಾಕಬಹುದೆಂದು ಅನುಭವದಿಂದ ತಿಳಿದುಬಂದಿದೆ.

2021ರ ಜನವರಿ 16ರಂದು ದೇಶದಲ್ಲಿ ಕೋವಿಡ್ ಲಸಿಕೆ ಆರಂಭವಾದಾಗ, ಹಿಂದೆ ಲಸಿಕೆಗೆ, ಚುಚ್ಚುಮದ್ದಿಗೆ, ಔಷಧಿಗೆ, ಆಹಾರಕ್ಕೆ ಅಲರ್ಜಿಯಾದವರ ವಿಷಯದಲ್ಲಿ ಎಚ್ಚರಿಕೆ ವಹಿಸಬೇಕೆಂದು ಕೇಂದ್ರ ಸರ್ಕಾರ ಸೂಚಿಸಿತ್ತು. ಇದನ್ನು ಕೇಳಿದ ಕೆಲವರು ವರ್ಷಕ್ಕೊಮ್ಮೆ ಮೈ ತುರಿಸಿದರೂ ತಮಗೆ ಲಸಿಕೆ ಕೂಡದೆಂದು ತೀರ್ಮಾನಿಸಿಬಿಟ್ಟರು. ಇನ್ನು ಕೆಲವರು ಕೆಲಸಕ್ಕೆ, ಪ್ರಯಾಣಕ್ಕೆ ಸರ್ಟಿಫಿಕೇಟು ಬೇಕೆಂದು, ಹಿಂದೆ ತೀವ್ರ ಅಲರ್ಜಿಯಾಗಿದ್ದರೂ ಬಾಯಿಬಿಡದೆ ತೋಳು ಚಾಚಿದರು. ಒಬ್ಬರದು ಭಯ, ಇನ್ನೊಬ್ಬರದು ದುಡುಕು. ಎರಡರಲ್ಲಿಯೂ ವಿವೇಕ ಇರಲಿಲ್ಲ.

ವಿವೇಕವನ್ನು ಧರ್ಮಸಭೆ ನಾಲ್ಕು ಮೂಲ ಸದ್ಗುಣಗಳಲ್ಲಿ ಮೊದಲನೆಯದಾಗಿ ಎಣಿಸುತ್ತದೆ. ವಿವೇಕವೆಂದರೆ ಅಂಜುಬುರುಕುತನವಲ್ಲ ಎಂದು ಕಥೋಲಿಕ ಧರ್ಮೋಪದೇಶ ಗ್ರಂಥವು ಸ್ಪಷ್ಟವಾಗಿ ಎಚ್ಚರಿಸುತ್ತದೆ. ಸಂತ ಥಾಮಸ್ ಅಕ್ವಿನಾಸರು ಈ ಸದ್ಗುಣವನ್ನು ಬಿಡಿಸಿ ಹೇಳುವಾಗ ಅದರ ಅಂಗಗಳನ್ನು ಒಂದೊಂದಾಗಿ ಹೆಸರಿಸುತ್ತಾರೆ. ಕಳೆದುದರ ನೆನಪು, ಬಲ್ಲವರಿಂದ ಕಲಿಯುವ ಮನಸ್ಸು, ಸಂದರ್ಭವನ್ನು ಸುತ್ತಲೂ ನೋಡುವ ದೃಷ್ಟಿ, ಕೆಡುಕು ಬಾರದಂತೆ ಮುಂಜಾಗ್ರತೆ ಇವು ಅವುಗಳಲ್ಲಿ ಕೆಲವು. ಇವನ್ನೇ ನಮ್ಮ ವಿಷಯಕ್ಕೆ ಹಚ್ಚಿ ನೋಡೋಣ. ಯಾವ ಔಷಧಿಯಿಂದ, ಯಾವಾಗ, ಎಷ್ಟು ಹೊತ್ತಿನಲ್ಲಿ ಏನಾಯಿತೆಂದು ಚೀಟಿಯಲ್ಲಿ ಬರೆದಿಡುವುದು ನೆನಪು. ಆ ಚೀಟಿಯನ್ನು ವೈದ್ಯರ ಮುಂದಿಟ್ಟು ಅವರ ಮಾತು ಕೇಳುವುದು ಕಲಿಯುವ ಮನಸ್ಸು. ಅಡ್ರಿನಲಿನ್ ಸಿದ್ಧವಿರುವ ಆಸ್ಪತ್ರೆಯಲ್ಲೇ ಹಾಕಿಸಿಕೊಂಡು, ಅವರು ಹೇಳಿದಷ್ಟು ಹೊತ್ತು ಕುಳಿತಿರುವುದು ಮುಂಜಾಗ್ರತೆ.

ಹಾಗಾದರೆ ಭಯಪಡುವುದು ಪಾಪವೇ? ಅಲ್ಲ. ಭಯ ಮನುಷ್ಯ ಸಹಜವಾದ ಭಾವನೆ. ಗೆತ್ಸೆಮನೆ ತೋಟದಲ್ಲಿ ನಮ್ಮ ಪ್ರಭುವೂ ಕಳವಳಗೊಂಡರು. ಆದರೆ ಕೇಳಿ ತಿಳಿಯಬಹುದಾದುದನ್ನು ಕೇಳದೆ, ಭಯವನ್ನೇ ತೀರ್ಪುಗಾರನನ್ನಾಗಿ ಮಾಡಿಕೊಂಡರೆ ಅದು ತಪ್ಪು. ನಿವಾರಿಸಬಹುದಾದ ಅಜ್ಞಾನವು ನಮ್ಮನ್ನು ಹೊಣೆಯಿಂದ ಬಿಡಿಸದು ಎಂಬುದು ನೀತಿಶಾಸ್ತ್ರದ ಹಳೆಯ ಪಾಠ. ಹಾಗೆಯೇ ವೈದ್ಯರ ಮುಂದೆ ಅಲರ್ಜಿಯನ್ನು ಮುಚ್ಚಿಡುವುದೂ ತಪ್ಪು. ಅದು ದೇವರು ಕೊಟ್ಟ ಜೀವವನ್ನು ಪಣಕ್ಕಿಡುವ ಸುಳ್ಳು.

ಎಲ್ಲವನ್ನೂ ವಿಚಾರಿಸಿದ ಮೇಲೆ, “ಈ ಲಸಿಕೆ ನಿಮಗೆ ಬೇಡ” ಎಂದು ವೈದ್ಯರೇ ಹೇಳಿದರೆ? ಅಂಥವರು ಎಳ್ಳಷ್ಟೂ ಅಪರಾಧಿ ಭಾವ ಇಟ್ಟುಕೊಳ್ಳಬೇಕಾಗಿಲ್ಲ. ಆಗ ಹೊಣೆ ಉಳಿದ ನಮ್ಮೆಲ್ಲರದಾಗುತ್ತದೆ. 2020ರ ಡಿಸೆಂಬರ್ 21ರಂದು ವಿಶ್ವಾಸ ಸಿದ್ಧಾಂತದ ಪೀಠವು ರೋಮಿನಿಂದ ಹೊರಡಿಸಿದ ಟಿಪ್ಪಣಿಯಲ್ಲಿ, ಕೋವಿಡ್ ಲಸಿಕೆ ಸ್ವಯಂಪ್ರೇರಿತವಾಗಿರಬೇಕೆಂದು ಹೇಳಿತು. ಆದರೆ ಅದನ್ನು ತನ್ನೊಬ್ಬನ ಆರೋಗ್ಯದ ವಿಷಯವೆಂದು ಮಾತ್ರ ನೋಡಬಾರದು, ಸರ್ವರ ಹಿತವನ್ನೂ ನೋಡಬೇಕು ಎಂದಿತು. ಮನಸ್ಸಾಕ್ಷಿಯ ಕಾರಣ ಬೇಡವೆನ್ನುವವರು ಸೋಂಕು ಹರಡದಂತೆ ಎಚ್ಚರವಹಿಸಬೇಕು. ದೇಹಸ್ಥಿತಿಯ ಕಾರಣ ಲಸಿಕೆ ಪಡೆಯಲಾಗದವರನ್ನು ವಿಶೇಷವಾಗಿ ಕಾಪಾಡಬೇಕು ಎಂದೂ ಅದು ನೆನಪಿಸಿತು. ಬಲವುಳ್ಳವರು ಬಲವಿಲ್ಲದವರ ಭಾರ ಹೊರಬೇಕೆಂದು ಸಂತ ಪೌಲರು ರೋಮಿನ ಸಭೆಗೆ ಬರೆದುದೂ ಇದನ್ನೇ. ಗೋಡೆಗೆ ಗೋಡೆ ಅಂಟಿಕೊಂಡಿರುವ ನಮ್ಮ ಬೀದಿಗಳಲ್ಲಿ ಒಬ್ಬರ ಕೆಮ್ಮು ಪಕ್ಕದ ಮನೆಗೂ ಕೇಳಿಸುತ್ತದೆ. ಆರೋಗ್ಯವಂತನೊಬ್ಬ ಪಡೆಯುವ ಲಸಿಕೆ ಪಕ್ಕದ ಮನೆಯವರಿಗೂ ಒಂದಿಷ್ಟು ಆಸರೆ.

ಈ ಕಾಳಜಿ ನಮ್ಮ ನಾಡಿನ ಧರ್ಮಸಭೆಗೆ ಹೊಸದಲ್ಲ. ಜನರಿಂದ ‘ದೊಡ್ಡಸ್ವಾಮಿಯವರು’ ಎಂದು ಕರೆಸಿಕೊಂಡ ಫ್ರೆಂಚ್ ಗುರು ಅಬ್ಬೆ ದುಬುವಾ ಅವರು ಸಿಡುಬಿನ ಲಸಿಕೆ ಭಾರತಕ್ಕೆ ಕಾಲಿಟ್ಟ ಹೊಸದರಲ್ಲೇ, 1803–04ರ ಸುಮಾರಿಗೆ, ಮೈಸೂರು ಸೀಮೆಯಲ್ಲಿ ಅದನ್ನು ಹರಡಲು ದುಡಿದರು. ಆಗ ಲಸಿಕೆ ಪಡೆದವರ ಸಂಖ್ಯೆ 25,000ಕ್ಕೂ ಮೀರಿತ್ತು. ಆತ್ಮಗಳ ಕುರುಬರಾದ ಅವರು ದೇಹವನ್ನು ಮರೆಯಲಿಲ್ಲ.

ಕುಟುಂಬಗಳಿಗೆ ಒಂದು ಮಾತು. ಗಂಧೆ ಎದ್ದವರ ತುರಿಕೆ, ನಿದ್ದೆಯಿಲ್ಲದ ರಾತ್ರಿ ಬೇರೆಯವರಿಗೆ ಕಾಣುವುದಿಲ್ಲ. “ಮೈತುರಿಕೆಗೆ ಇಷ್ಟೊಂದು ಹೆದರಿಕೆಯೇ?” ಎಂದು ಸೊಸೆಯನ್ನೋ ಮಗನನ್ನೋ ಅಣಕಿಸಬೇಡಿ. “ಬಾ, ನಾನೂ ಬರುತ್ತೇನೆ, ಡಾಕ್ಟರನ್ನು ಕೇಳೋಣ” ಎನ್ನಿ. ವೈದ್ಯನನ್ನೂ ಔಷಧಿಯನ್ನೂ ಸೃಷ್ಟಿಸಿದವರು ದೇವರೇ ಎಂದು ಸಿರಾಖನ ಗ್ರಂಥ ಬೋಧಿಸುತ್ತದೆ. ಪ್ರಾರ್ಥಿಸಿ ಹೊರಡಿ, ಇದ್ದುದನ್ನು ಇದ್ದಂತೆ ಹೇಳಿ, ವೈದ್ಯರು ಹೇಳಿದುದನ್ನು ಸಮಾಧಾನದಿಂದ ಕೇಳಿ. ಆಮೇಲೆ ತೆಗೆದುಕೊಂಡ ತೀರ್ಮಾನ ಹೌದೆಂದಾಗಲಿ ಬೇಡವೆಂದಾಗಲಿ, ಅದನ್ನು ದೇವರ ಮುಂದೆ ನಿರ್ಮಲ ಮನಸ್ಸಿನಿಂದ ಇಡಬಲ್ಲಿರಿ.