ಸ್ವಯಂಸೇವಕನ ‘ಸ್ವಯಂ’

ಕಬ್ಬನ್ ರಸ್ತೆಯ ಬಿ.ಆರ್.ವಿ. ಟಾಕೀಸಿನಲ್ಲಿ ಇಂಗ್ಲಿಷ್ ಸಿನಿಮಾ ನೋಡಿದವರು ನಮ್ಮ ಹನುಮಂತನಗರದ ಹಿರಿಯರಲ್ಲಿ ಈಗಲೂ ಸಿಗುತ್ತಾರೆ. ಆ ಮೂರು ಅಕ್ಷರ ಯಾವುದರದ್ದು ಎಂದು ಕೇಳಿದರೆ ಮಾಲೀಕರ ಹೆಸರಿರಬೇಕು ಎನ್ನುವವರೇ ಹೆಚ್ಚು. ಅದು ‘ಬ್ಯಾಂಗಲೋರ್ ರೈಫಲ್ ವಾಲಂಟಿಯರ್ಸ್’ ಎಂಬುದರ ಚಿಕ್ಕ ರೂಪ. 1868ರಲ್ಲಿ ದಂಡಿನಲ್ಲಿ ಹುಟ್ಟಿದ ಈ ಪಡೆ ಬೇರೆ ಬೇರೆ ಹೆಸರುಗಳಲ್ಲಿ 1947ರವರೆಗೂ ಇತ್ತು. ವಸಾಹತು ಕಾಲದ ಕಾಗದಪತ್ರಗಳನ್ನು ಓದುವುದೇ ಕೆಲಸವಾಗಿರುವ ನನಗೆ ಈ ಹೆಸರಿನಲ್ಲಿ ಕಾಡುವ ಪದ ‘ರೈಫಲ್’ ಅಲ್ಲ, ‘ವಾಲಂಟಿಯರ್’. ಸ್ವಂತ ಇಚ್ಛೆಯಿಂದ ಬಂದವನು ಎಂದು ಅದರ ಅರ್ಥ. ಆ ಇಚ್ಛೆ ಎಷ್ಟು ಸ್ವಂತದ್ದಾಗಿತ್ತು?

1857ರ ಬಂಡಾಯದ ನೆನಪು ಆರುವ ಮೊದಲೇ ಇಂಥ ಪಡೆಗಳು ದೇಶದ ಹಲವು ಊರುಗಳಲ್ಲಿ ಹುಟ್ಟಿಕೊಂಡವು. ಸಿಪಾಯಿಗಳನ್ನು ನಂಬಲಾಗದ ದಿನ ಬಂದರೆ ಗುಮಾಸ್ತರು, ವ್ಯಾಪಾರಿಗಳು, ರೈಲ್ವೆ ನೌಕರರು ಬಂದೂಕು ಹಿಡಿಯಲು ತಯಾರಿರಬೇಕು ಎಂಬುದು ಲೆಕ್ಕಾಚಾರ. 1869ರಲ್ಲಿ ಇದಕ್ಕೊಂದು ಕಾಯ್ದೆಯೂ ಬಂತು. ಪಡೆಯ ದಿನನಿತ್ಯದ ವ್ಯವಹಾರ ಮಾತ್ರ ಸಪ್ಪೆಯಾದದ್ದು. ಕಲಿಸಲು ಕಾಯಂ ಸೈನ್ಯದಿಂದ ಒಬ್ಬ ಅಡ್ಜುಟೆಂಟ್, ಕೆಲವು ಸಾರ್ಜೆಂಟರು. ವರ್ಷಕ್ಕೆ ಇಂತಿಷ್ಟು ಕವಾಯತು, ಗುರಿ ಹೊಡೆಯುವ ಒಂದು ಪರೀಕ್ಷೆ. ಇವನ್ನು ಮುಗಿಸಿದವನು ‘ಎಫಿಶಿಯೆಂಟ್’. ಅಂಥ ಪ್ರತಿಯೊಬ್ಬನ ಲೆಕ್ಕದಲ್ಲಿ ಸರ್ಕಾರ ಪಡೆಗೆ ತಲೆಗಿಷ್ಟು ಎಂದು ಅನುದಾನ ಕೊಡುತ್ತಿತ್ತು. ಅಂದರೆ ಪಡೆಯ ಖಜಾನೆ ನಿಂತಿದ್ದದ್ದು ಹಾಜರಿ ಪುಸ್ತಕದ ಮೇಲೆ.

ಹಾಜರಿಯೇ ಹಣವಾದ ಮೇಲೆ ಇಚ್ಛೆಗಾಗಿ ಕಾಯುವವರು ಯಾರು? ರೈಲ್ವೆ ಕಂಪನಿಗಳಲ್ಲಿ ಯುರೋಪಿಯನ್ ಮತ್ತು ಆಂಗ್ಲೋ-ಇಂಡಿಯನ್ ನೌಕರರು ಕಂಪನಿಯ ವಾಲಂಟಿಯರ್ ಪಡೆಗೆ ಸೇರುವುದು ಎಷ್ಟೋ ಕಡೆ ಕೆಲಸದ ಷರತ್ತೇ ಆಗಿಹೋಗಿತ್ತು. ನಮ್ಮ ಧಾರವಾಡ, ಹುಬ್ಬಳ್ಳಿಗಳ ಮೇಲೆ ಹಾದುಹೋಗುತ್ತಿದ್ದ ಸದರ್ನ್ ಮರಾಠಾ ರೈಲ್ವೆಗೂ ಒಂದು ಪಡೆಯಿತ್ತು. ಕೋಲಾರದ ಚಿನ್ನದ ಗಣಿಗೂ ಇತ್ತು. ಒಲ್ಲೆ ಎಂದರೆ ಕೆಲಸಕ್ಕೇ ಕುತ್ತು ಬರುವಂತಿದ್ದಾಗ ಹೂಂ ಎಂದವನನ್ನು ಸ್ವಯಂಸೇವಕ ಎನ್ನಲಾದೀತೇ?

ಇದರ ಇನ್ನೊಂದು ಮುಖ ಇನ್ನೂ ವಿಚಿತ್ರ. 1885ರಲ್ಲಿ ಪಂಜ್‌ದೇಹ್ ಘಟನೆಯಿಂದ ರಷ್ಯಾದ ಭಯ ಎದ್ದಾಗ ಮದ್ರಾಸು, ಬಂಗಾಳ ಮೊದಲಾದ ಕಡೆಯ ವಿದ್ಯಾವಂತ ಭಾರತೀಯರು ‘ನಾವೂ ವಾಲಂಟಿಯರುಗಳಾಗುತ್ತೇವೆ’ ಎಂದು ಮುಂದೆ ಬಂದರು. ಸರ್ಕಾರ ಒಪ್ಪಲಿಲ್ಲ. ಅಲ್ಲೊಬ್ಬ ಇಲ್ಲೊಬ್ಬ ಪಾರ್ಸಿಗೋ ದೇಶೀ ಕ್ರೈಸ್ತನಿಗೋ ಜಾಗ ಸಿಕ್ಕಿರಬಹುದು, ಉಳಿದವರಿಗೆ ಬಾಗಿಲು ಮುಚ್ಚಿತ್ತು. ಬಂದೂಕು ಇಟ್ಟುಕೊಳ್ಳಲು ಭಾರತೀಯರಿಗೆ ಲೈಸೆನ್ಸು ಬೇಕು, ಯುರೋಪಿಯನ್ನರಿಗೆ ಬೇಡ ಎಂಬ 1878ರ ಶಸ್ತ್ರಾಸ್ತ್ರ ಕಾಯ್ದೆಯ ಅವಮಾನ ಆಗಲೇ ಬೆನ್ನ ಮೇಲಿತ್ತು. 1886ರ ಕಲ್ಕತ್ತಾ ಕಾಂಗ್ರೆಸ್ಸಿನಲ್ಲಿ ರಾಜಾ ರಾಮಪಾಲ್ ಸಿಂಗ್ ಈ ಹಕ್ಕಿಗಾಗಿ ವಾದಿಸಿದರು. ಒಬ್ಬನಿಗೆ ಬೇಡವೆನ್ನುವ ಸ್ವಾತಂತ್ರ್ಯವಿಲ್ಲ, ಮತ್ತೊಬ್ಬನಿಗೆ ಬೇಕೆನ್ನುವ ಸ್ವಾತಂತ್ರ್ಯವಿಲ್ಲ. ಇಬ್ಬರ ನಡುವೆ ‘ಸ್ವಯಂ’ ಎಲ್ಲೋ ಕಳೆದುಹೋಗಿದೆ.

1917ರಲ್ಲಿ, ಮಹಾಯುದ್ಧದ ಒತ್ತಡದಲ್ಲಿ, ಇಂಡಿಯನ್ ಡಿಫೆನ್ಸ್ ಫೋರ್ಸ್ ಕಾಯ್ದೆ ಬಂದಾಗ ಈ ಆಟ ತಿರುವುಮುರುವಾಯಿತು. ಹದಿನಾರರಿಂದ ಐವತ್ತರ ವಯಸ್ಸಿನ ಯುರೋಪಿಯನ್ ಬ್ರಿಟಿಷ್ ಪ್ರಜೆಗಳಿಗೆ ಸೇವೆ ಕಡ್ಡಾಯವಾಯಿತು, ಭಾರತೀಯರಿಗೆ ಐಚ್ಛಿಕವಾಯಿತು. ಮೂವತ್ತು ವರ್ಷ ಬೇಡಿದ ಬಾಗಿಲು ತೆರೆದಾಗ ನಿರೀಕ್ಷಿಸಿದಷ್ಟು ಜನ ಒಳಗೆ ಬರಲಿಲ್ಲ. 1920ರಲ್ಲಿ ಮತ್ತೆ ಎರಡು ಪಂಕ್ತಿ: ಯುರೋಪಿಯನ್ನರಿಗೂ ಆಂಗ್ಲೋ-ಇಂಡಿಯನ್ನರಿಗೂ ಆಕ್ಸಿಲಿಯರಿ ಫೋರ್ಸ್, ಭಾರತೀಯರಿಗೆ ಟೆರಿಟೋರಿಯಲ್ ಫೋರ್ಸ್.

ಹಾಗಾದರೆ 1885ರವರ ಬೇಡಿಕೆ ಸರಿಯಿತ್ತೇ? ನಾನು ಇದನ್ನು ಎರಡೂ ಕಡೆಯಿಂದ ನೋಡಲು ಯತ್ನಿಸಿದ್ದೇನೆ. ಅವಮಾನ ನಿಜವಾದದ್ದು. ನಿನ್ನ ಊರನ್ನು ಕಾಯಲು ನಿನ್ನನ್ನು ನಂಬುವುದಿಲ್ಲ ಎನ್ನಿಸಿಕೊಂಡವನು ಸುಮ್ಮನಿರಬೇಕೆಂದು ಹೇಳುವ ಹಕ್ಕು ನನಗಿಲ್ಲ. ಆದರೆ ಆ ಪಡೆ ಕಾಯಲು ನಿಂತದ್ದು ಯಾರನ್ನು, ಯಾರಿಂದ? ರಷ್ಯಾ ದೂರವಿತ್ತು. ಬೆಂಗಳೂರಿನಲ್ಲಿ ದಂಡಿಗೆ ಎದುರಾಗಿದ್ದದ್ದು ಪೇಟೆ. ಅಂಥ ಪಡೆಗೆ ಪೇಟೆಯವನು ಸೇರುವುದೆಂದರೆ ತನ್ನ ಮೇಲೆ ತಾನೇ ಕಾವಲು ನಿಂತಂತೆ. ಸರ್ಕಾರ ಅವರನ್ನು ಬೇಡವೆಂದದ್ದರಿಂದ ಅವರು ಈ ಪ್ರಶ್ನೆಯನ್ನು ಎದುರಿಸಬೇಕಾಗಿ ಬರಲಿಲ್ಲ, ಅಷ್ಟೆ.

ಈ ಪ್ರಶ್ನೆಗೆ ಬೇರೆ ದಾರಿಯಿಂದ ಬಂದವರು ನಾ. ಸು. ಹರ್ಡೀಕರ್. 1923ರ ನಾಗಪುರದ ಧ್ವಜ ಸತ್ಯಾಗ್ರಹದಲ್ಲಿ ಬಂಧಿತರಾದ ಎಷ್ಟೋ ಮಂದಿ ಜೈಲಿನ ಕಷ್ಟ ತಾಳದೆ ಕ್ಷಮೆ ಬರೆದುಕೊಟ್ಟು ಹೊರಬಂದರು. ಹರ್ಡೀಕರರ ಜೊತೆ ಹೋದ ಹುಬ್ಬಳ್ಳಿಯವರು ಬರೆದುಕೊಡಲಿಲ್ಲ. ಅದೇ ವರ್ಷ ಕಾಕಿನಾಡದಲ್ಲಿ ಹಿಂದೂಸ್ತಾನಿ ಸೇವಾದಳ ಹುಟ್ಟಿತು. ಹುಬ್ಬಳ್ಳಿ ಅದರ ಕೇಂದ್ರವಾಯಿತು. ಸಮವಸ್ತ್ರ, ಸಾಲು, ಎಡ-ಬಲ, ಶಿಬಿರ ಎಲ್ಲವೂ ಇದ್ದವು. ಇದು ಸೈನ್ಯದ ನಕಲು, ಅಹಿಂಸೆಗೆ ಒಗ್ಗದು ಎಂದು ಕಾಂಗ್ರೆಸ್ಸಿನೊಳಗೇ ಆಕ್ಷೇಪಿಸಿದವರಿದ್ದರು. ಅವರ ಅಂಜಿಕೆಯನ್ನು ತಳ್ಳಿಹಾಕುವಂತಿಲ್ಲ. ಕವಾಯತಿನ ಉದ್ದೇಶವೇ ಮನಸ್ಸು ಯೋಚಿಸುವ ಮೊದಲು ಮೈ ಓಗೊಡಬೇಕೆಂಬುದು. ಹಾಗೆ ಪಳಗಿದ ಮೈ ಲಾಠಿಯ ಮುಂದೆ ಕದಲದೆ ನಿಲ್ಲುವುದನ್ನೂ ಕಲಿಯುತ್ತದೆ, ಹೇಳಿದವರ ಮೇಲೆ ಗುಂಡು ಹಾರಿಸುವುದನ್ನೂ ಕಲಿಯುತ್ತದೆ.

ವ್ಯತ್ಯಾಸವಿರುವುದು ಶಿಸ್ತಿನೊಳಗೆ ನಿಂತವನಿಗೆ ‘ಇದು ಯಾರ ವಿರುದ್ಧ?’ ಎಂದು ಕೇಳುವ ಅವಕಾಶ ಉಳಿದಿದೆಯೇ ಎಂಬುದರಲ್ಲಿ ಎಂದು ನನಗನ್ನಿಸುತ್ತದೆ. ಸೇರುವ ದಿನ ಹಾಕಿದ ಸಹಿಯಲ್ಲಿ ‘ಸ್ವಯಂ’ ಮುಗಿದುಹೋಗುವುದಾದರೆ ಮರುದಿನದಿಂದ ಉಳಿಯುವುದು ಬರೀ ಸೇವೆ. ನಮ್ಮ ಬಡಾವಣೆಗೆ ಹೆಸರು ಕೊಟ್ಟ ಹನುಮಂತನನ್ನು ನಾವು ದಾಸರಲ್ಲಿ ಮೊದಲಿಗ ಎನ್ನುತ್ತೇವೆ. ಅವನಿಗೆ ಸಿಕ್ಕಿದ್ದ ಅಪ್ಪಣೆ ಸೀತೆಯನ್ನು ಹುಡುಕಿ ಬಾ ಎಂಬುದಷ್ಟೇ. ಆದರೆ ಅವನು ಹುಡುಕಿದ ಮೇಲೂ ನಿಂತು ಯೋಚಿಸಿದ, ಶತ್ರುವಿನ ಬಲವನ್ನು ಅಳೆಯಬೇಕೆಂದು ತಾನೇ ತೀರ್ಮಾನಿಸಿದ. ಲಂಕೆ ಸುಟ್ಟ ಮೇಲೆ, ಸೀತೆಗೂ ಬೆಂಕಿ ತಗುಲಿತೋ ಏನೋ ಎಂದು ತನ್ನನ್ನೇ ಹಳಿದುಕೊಂಡ. ಮಾಡಿದ್ದಕ್ಕೆ ಅಪ್ಪಣೆ ಕೊಟ್ಟವರನ್ನು ಮುಂದೊಡ್ಡದೆ ತಾನೇ ಹೊಣೆ ಹೊತ್ತ ಆ ಅಳುಕೇ ಅವನ ಸೇವೆಯನ್ನು ಗುಲಾಮಗಿರಿಯಿಂದ ಬೇರೆ ಮಾಡುತ್ತದೆ.

ಬಿ.ಆರ್.ವಿ.ಯ ಪಡೆ ಹೋಯಿತು. ಆದರೆ ‘ಸ್ವಯಂಪ್ರೇರಿತ’ ಎಂಬ ಮಾತು ಕಾಲೇಜಿನ ಸುತ್ತೋಲೆಗಳಲ್ಲಿ ಈಗಲೂ ಓಡಾಡುತ್ತದೆ: ಸ್ವಯಂಪ್ರೇರಿತರಾಗಿ ಬನ್ನಿ, ಹಾಜರಿ ಕಡ್ಡಾಯ, ಅಂಕಗಳುಂಟು. ಶ್ರಮದಾನಕ್ಕೋ ಜಾಥಾಕ್ಕೋ ಕರೆ ಬಂದಾಗ ನಾವು ಹೋಗಬಾರದೆಂದಲ್ಲ. ಎಷ್ಟೋ ಸಲ ಆ ಕೆಲಸ ಒಳ್ಳೆಯದೇ ಆಗಿರುತ್ತದೆ. ಸಾಲಿನಲ್ಲಿ ನಿಂತಾಗ ಪಕ್ಕದವನನ್ನು ಎರಡು ಮಾತು ಕೇಳಬಹುದು: ನಾವು ಬರದಿದ್ದರೆ ಏನಾಗುತ್ತಿತ್ತು? ನಾವಿಲ್ಲಿ ನಿಂತಿರುವುದರಿಂದ ಯಾರಿಗೆ ಭಯವಾಗುತ್ತಿದೆ? ಉತ್ತರ ಕೂಡಲೇ ಸಿಗದಿರಬಹುದು. ಹಾಗೆ ಕೇಳಿದ್ದಕ್ಕೆ ಸಾಲಿನಿಂದ ಹೊರಗೆ ಕಳಿಸಿದರೆ, ಒಂದು ಉತ್ತರವಂತೂ ಸಿಕ್ಕಿರುತ್ತದೆ.